ಹಳಿಯ ಮೇಲಿನ ಸಾವಿಗೆ ಹೊಣೆ ಯಾರು?

ರೈಲಿನಲ್ಲಿ ಊರಿಗೆ ಹೋಗುವಾಗ, ಸಲಾಕೆ ಸುತ್ತಿಗೆಗಳನ್ನು ಹಿಡಿದು ಹಳಿಯಿಂದ ಸರಿದು ನಿಂತ ಗ್ಯಾಂಗಿನವರನ್ನು ನಮ್ಮ ವಾಚಕರೆಲ್ಲರೂ ನೋಡಿರುವರಷ್ಟೆ. ನಮ್ಮ ಕ್ಷೇಮವು ಅವರ ಕೈಯಲ್ಲಿರುವುದು. ಅವರ ಕ್ಷೇಮವು ಯಾರ ಕೈಯಲ್ಲಿರುವುದು? ಕೆಟ್ಟ ಹಳಿಯಿಂದಲೋ ಕುಸಿದ ದಿಬ್ಬದಿಂದಲೋ ಅವರಲ್ಲೊಬ್ಬನು ಮಡಿದರೆ, ಅದು ಅವನ ಹಣೆಯ ಬರಹವೆಂದು ನಾವು ನಿಟ್ಟುಸಿರು ಬಿಟ್ಟು ಸುಮ್ಮನಾಗುವೆವು.

ಕಾನೂನೂ ಒಂದು ಕಾಲದಲ್ಲಿ ಹೀಗೆಯೇ ಸುಮ್ಮನಿದ್ದಿತು. ಇಂಗ್ಲೆಂಡಿನಲ್ಲಿ ಹಚಿನ್ಸನ್ ಎಂಬ ರೈಲ್ವೆ ನೌಕರನು ಕಂಪೆನಿಯ ಕೆಲಸದ ಮೇಲೆ ಅದರ ಗಾಡಿಯಲ್ಲಿಯೇ ಹೋಗುತ್ತಿದ್ದಾಗ, ಎರಡು ಗಾಡಿಗಳು ಸಂಘಟ್ಟಿಸಿ ಮೃತನಾದನು. ಜೊತೆಯ ನೌಕರರ ಅಜಾಗ್ರತೆಯಿಂದ ಬರುವ ಅಪಾಯವನ್ನು ಕೆಲಸಕ್ಕೆ ಸೇರುವಾಗಲೇ ಆತನು ಒಪ್ಪಿಕೊಂಡಂತಾಯಿತೆಂದೂ, ಆದುದರಿಂದ ಧಣಿಯು ಹೊಣೆಯಲ್ಲವೆಂದೂ 1850ರಲ್ಲಿ ನ್ಯಾಯಾಲಯವು ತೀರ್ಮಾನಿಸಿತು.

ಈ ನ್ಯಾಯದ ಬಿಗಿಯು ಕ್ರಮೇಣ ಸಡಿಲವಾಯಿತು. ಧಣಿಯ ತಪ್ಪನ್ನು ರುಜುವಾತುಪಡಿಸದೆಯೇ ರೈಲ್ವೆ ಮೊದಲಾದ ಉದ್ಯೋಗಗಳ ಕೆಲಸಗಾರರು ಪರಿಹಾರ ಪಡೆಯುವಂತೆ ಬ್ರಿಟನ್ 1897ರಲ್ಲಿ ಶಾಸನ ಮಾಡಿತು. ಅಮೆರಿಕದಲ್ಲಿ 1908ರ ಶಾಸನವು ಬೇರೆ ದಾರಿ ಹಿಡಿಯಿತು. ರೈಲ್ವೆ ಕಂಪೆನಿಯ ಅಲಕ್ಷ್ಯದಿಂದ ಯಂತ್ರದಲ್ಲಿ ಮಾತ್ರವಲ್ಲ, ಹಳಿಯಲ್ಲಿ, ಹಳಿಯ ತಳಹದಿಯಲ್ಲಿ ಲೋಪವಿದ್ದು ನೌಕರನು ಸತ್ತರೂ ಕಂಪೆನಿಯೇ ಹೊಣೆಯೆಂದು ಅದು ವಿಧಿಸಿತು. ನಮ್ಮ ದೇಶದಲ್ಲಿ 1923ರ ಕಾರ್ಮಿಕರ ಪರಿಹಾರದ ಕಾಯಿದೆಯು ಬ್ರಿಟನ್ನಿನ ದಾರಿಯನ್ನೇ ಹಿಡಿಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಆ ತತ್ತ್ವವನ್ನು ಉಳಿಸಿಕೊಂಡಿತು. ಕೆಲಸದ ನಿಮಿತ್ತ ಕೆಲಸದಲ್ಲಿದ್ದಾಗಲೇ ಅಪಘಾತವಾಯಿತೆಂದು ತೋರಿಸಿದರೆ ಸಾಕು, ಧಣಿಯ ತಪ್ಪನ್ನು ಹುಡುಕಬೇಕಾದುದಿಲ್ಲ.

ವಿಧವೆಯ ಪಾಲಿಗೆ ಇದು ದೊಡ್ಡ ಉಪಕಾರವೇ ಸರಿ. ಕೂಲಿಯವನ ಹೆಂಡತಿಯು ಹಳಿಯ ದೋಷವನ್ನು ನ್ಯಾಯಾಲಯದಲ್ಲಿ ಸಾಧಿಸುವುದೆಂತು? ಆದರೆ ಇದರಲ್ಲಿಯೇ ಒಂದು ಕುಂದೂ ಅಡಗಿದೆ. ತಪ್ಪನ್ನು ಕೇಳದೆ ಹಣ ಕೊಡುವ ಕಡೆಯಲ್ಲಿ, ಹಣ ಕೊಟ್ಟ ಮೇಲೆ ತಪ್ಪನ್ನು ಕೇಳುವವರೇ ಇಲ್ಲದಂತಾಗಬಹುದು. ಒಬ್ಬನನ್ನು ಬಲಿ ತೆಗೆದುಕೊಂಡ ಹಳಿಯ ಮೇಲೆ ಮರುದಿನ ಮತ್ತೊಬ್ಬನು ನಿಲ್ಲುವನು. ಪರಿಹಾರವು ಅನಾಥವಾದ ಮನೆಗೆ ಅನ್ನವೀಯುವುದು. ಮುಂದಿನ ಮನೆಯು ಅನಾಥವಾಗದಂತೆ ತಡೆಯುವುದು ಹಳಿಯ ದುರಸ್ತಿಯೊಂದೇ. ಈ ಎರಡೂ ಧಣಿಯ ಋಣಗಳು. ಒಂದನ್ನು ತೀರಿಸಿದ ಮಾತ್ರಕ್ಕೆ ಇನ್ನೊಂದು ತೀರಲಾರದು.

ಗೃಹಸ್ಥರಾದ ನಮ್ಮ ಕೈಯಲ್ಲಾಗುವ ಕೆಲಸವೂ ಒಂದುಂಟು. ಇಂತಹ ದುಃಖವು ನೆರೆಮನೆಗೆ ಬಂದರೆ, ಪರಿಹಾರವು ಅವರ ಹಕ್ಕು, ಭಿಕ್ಷೆಯಲ್ಲವೆಂದು ಅವರಿಗೆ ತಿಳಿಸೋಣ, ಅರ್ಜಿಯನ್ನು ಬರೆದುಕೊಡೋಣ. ಹಣ ಬಂದ ಮೇಲೆಯೂ, ಆ ಹಳಿಯನ್ನು ಸರಿಪಡಿಸಿದರೇ ಎಂದು ಕೇಳುವುದನ್ನು ಮರೆಯದಿರೋಣ.