ಬಿಡುಗಡೆಯ ಮರುದಿನದ ಹೊಣೆ ಯಾರದು?

2004ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ತಯಾರಿಸಿದ ಎರಡು ಯಂತ್ರಗಳು ಒಟ್ಟಿಗೇ ಸುದ್ದಿಯಲ್ಲಿದ್ದವು. ಒಂದು, ವಿದ್ಯುನ್ಮಾನ ಮತಯಂತ್ರ. ಲೋಕಸಭೆಯ ಎಲ್ಲ 543 ಕ್ಷೇತ್ರಗಳಲ್ಲೂ ಅದು ಬಳಕೆಯಾದ ಮೊದಲ ಮಹಾಚುನಾವಣೆ ಅದು. ಇನ್ನೊಂದು, ‘ಅಮಿಡ’ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಸಿಂಪ್ಯೂಟರ್. ಅಂಗೈಯಲ್ಲಿ ಹಿಡಿಯಬಹುದಾದ, ಬಡವರಿಗೂ ನಿಲುಕಬೇಕೆಂಬ ಆಸೆಯಿಂದ ರೂಪಿಸಿದ ಕಂಪ್ಯೂಟರ್. ಮೊದಲನೆಯದರ ನೀಲಿ ಗುಂಡಿಯನ್ನು ಈ ದೇಶದ ಮತದಾರರೆಲ್ಲ ಬಲ್ಲರು. ಎರಡನೆಯದರ ಹೆಸರು ಇಂದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಗೊತ್ತಿಲ್ಲ.

ಸಿಂಪ್ಯೂಟರ್ ಸೋತದ್ದು ಪ್ರತಿಭೆಯ ಕೊರತೆಯಿಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳ ಜೊತೆ ಸೇರಿ ಕಟ್ಟಿದ ಯಂತ್ರ ಅದು. 2001ರಲ್ಲಿ ಅದರ ಮಾದರಿ ಪ್ರದರ್ಶನಗೊಂಡಾಗ ಜಗತ್ತಿನ ಪತ್ರಿಕೆಗಳು ಕೊಂಡಾಡಿದವು. ಲಿನಕ್ಸ್ ಮೇಲೆ ನಡೆಯುತ್ತಿತ್ತು, ಪರದೆಯ ಮೇಲಿನ ಬರಹವನ್ನು ಕನ್ನಡದಲ್ಲಿ ಓದಿ ಹೇಳುತ್ತಿತ್ತು. ಸ್ಮಾರ್ಟ್‌ ಕಾರ್ಡ್ ಸಿಕ್ಕಿಸಲು ಒಂದು ಕಿಂಡಿ ಇತ್ತು. ಊರಿಗೊಂದು ಯಂತ್ರ, ಪ್ರತಿಯೊಬ್ಬರಿಗೂ ಅವರದೇ ಕಾರ್ಡ್ ಎಂಬುದು ಅದರ ಹಿಂದಿನ ಯೋಚನೆ. ಅಮಿಡದಲ್ಲಂತೂ ಯಂತ್ರವನ್ನು ವಾಲಿಸಿದರೆ ಅದನ್ನು ಗುರುತಿಸುವ ಸಂವೇದಕವಿತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಆದರೆ ಅದನ್ನು ಕೊಳ್ಳಬೇಕಾದವರು ಯಾರು? ರೈತರೋ, ಪಂಚಾಯಿತಿಯೋ, ಶಾಲೆಯೋ? ಕೊಂಡವರು ಬೆಳಿಗ್ಗೆ ಎದ್ದು ಅದರಿಂದ ಮಾಡುವ ಮೊದಲ ಕೆಲಸ ಯಾವುದು? ಊರಿನಲ್ಲಿ ಕೆಟ್ಟರೆ ರಿಪೇರಿಗೆ ಯಾರು ಬರುತ್ತಾರೆ? ಮಾದರಿ ಸಿದ್ಧವಾಗುವ ಮೊದಲೇ ಇವಕ್ಕೆ ಉತ್ತರ ಬೇಕಿತ್ತು. ನಿರೀಕ್ಷಿಸಿದ ದೊಡ್ಡ ಸರ್ಕಾರಿ ಖರೀದಿ ಬರಲಿಲ್ಲ. ಹೆಚ್ಚು ಸಂಖ್ಯೆಯಲ್ಲಿ ತಯಾರಿಸದೆ ಬೆಲೆ ಇಳಿಯದು, ಬೆಲೆ ಇಳಿಯದೆ ಜನ ಕೊಳ್ಳರು. ಒಂಬತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕೊಡಬೇಕೆಂದಿದ್ದ ಯಂತ್ರದ ಬಣ್ಣದ ಪರದೆಯ ಮಾದರಿ ಇಪ್ಪತ್ತು ಸಾವಿರದ ಹತ್ತಿರಕ್ಕೆ ಹೋಯಿತು. 2005ರ ಹೊತ್ತಿಗೆ ಮಾರಾಟವಾದ ಯಂತ್ರಗಳು ನಾಲ್ಕು ಸಾವಿರಕ್ಕೂ ಕಡಿಮೆ.

ಅಗ್ಗದ ಮೊಬೈಲ್ ಬಂದು ಸಿಂಪ್ಯೂಟರನ್ನು ನುಂಗಿತು ಎನ್ನುವವರಿದ್ದಾರೆ. ಅದು ಅರ್ಧ ಸತ್ಯ. ಗೋವಾದ ಅದಿರು ಸಾಗಣೆಯ ಲೆಕ್ಕ, ಮೈಸೂರಿನ ಕಿರುಸಾಲ ಸಂಸ್ಥೆಯೊಂದರ ವ್ಯವಹಾರ, ವಾಹನಗಳ ಎಂಜಿನ್ ತಪಾಸಣೆ, ಹೀಗೆ ಗೊತ್ತಾದ ಕೆಲಸ ಸಿಕ್ಕ ಕಡೆ ಅದು ಬಳಕೆಯಾಯಿತು. ಇಂದು ಬಸ್ ನಿರ್ವಾಹಕರ ಕೈಯಲ್ಲಿ ಟಿಕೆಟ್ ಯಂತ್ರವಿದೆ, ವಿದ್ಯುತ್ ಮೀಟರ್ ಓದುವವರ ಕೈಯಲ್ಲಿ ಬಿಲ್ ಕೊಡುವ ಯಂತ್ರವಿದೆ. ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಇಲ್ಲಿ ಕೆಲಸವಿರಲಿಲ್ಲ ಎನ್ನಲಾಗದು. ಎಲ್ಲರಿಗೂ ಎಲ್ಲ ಕೆಲಸಕ್ಕೂ ಎಂದು ಹೊರಟದ್ದರಿಂದ ಯಾರ ನಿತ್ಯದ ಕೆಲಸಕ್ಕೂ ಅದು ಅನಿವಾರ್ಯವಾಗಲಿಲ್ಲ.

ಮತಯಂತ್ರದ ದಾರಿ ಬೇರೆ. ಅದಕ್ಕೆ ಗಿರಾಕಿ ಒಬ್ಬರೇ, ಚುನಾವಣಾ ಆಯೋಗ. ಆಯೋಗಕ್ಕೆ ತನ್ನ ಸಂಕಟ ಏನೆಂಬುದು ಚೆನ್ನಾಗಿ ಗೊತ್ತಿತ್ತು: ರಾಶಿ ಕಾಗದ, ತಿರಸ್ಕೃತ ಮತಗಳು, ದಿನಗಟ್ಟಲೆ ಎಣಿಕೆ, ಎಲ್ಲಕ್ಕಿಂತ ಹೆಚ್ಚಾಗಿ ಮತಗಟ್ಟೆ ವಶ. ಮತಪತ್ರವಾದರೆ ಕಟ್ಟುಗಟ್ಟಲೆ ಕಸಿದು ಮುದ್ರೆ ಒತ್ತಿ ಪೆಟ್ಟಿಗೆಗೆ ತುರುಕಬಹುದಿತ್ತು. ಈ ಯಂತ್ರ ನಿಮಿಷಕ್ಕೆ ನಾಲ್ಕೈದಕ್ಕಿಂತ ಹೆಚ್ಚು ಮತ ಸ್ವೀಕರಿಸುವುದಿಲ್ಲ. ಅಧಿಕಾರಿ ನಿಯಂತ್ರಣ ಘಟಕದ ಗುಂಡಿ ಒತ್ತಿದರೆ ಮಾತ್ರ ಮುಂದಿನ ಮತ. ‘ಕ್ಲೋಸ್’ ಗುಂಡಿ ಒತ್ತಿದ ಮೇಲೆ ಒಂದು ಮತವೂ ಬೀಳದು. ಕರೆಂಟ್ ಇಲ್ಲದ ಊರಿಗೆಂದು ಬ್ಯಾಟರಿಯಲ್ಲೇ ನಡೆಯುತ್ತದೆ. ಒಂದೊಂದು ಗುಣವೂ ಮತಗಟ್ಟೆಯ ನಿಜವಾದ ಕಷ್ಟವೊಂದಕ್ಕೆ ಕೊಟ್ಟ ಉತ್ತರ.

ಇಷ್ಟಿದ್ದರೂ ಅದು ಒಮ್ಮೆಗೇ ಗೆಲ್ಲಲಿಲ್ಲ. 1982ರ ಮೇ ತಿಂಗಳಲ್ಲಿ ಕೇರಳದ ಪರವೂರು ಕ್ಷೇತ್ರದ 50 ಮತಗಟ್ಟೆಗಳಲ್ಲಿ ಮೊದಲ ಪ್ರಯೋಗ ನಡೆಯಿತು. 123 ಮತಗಳಿಂದ ಸೋತ ಅಭ್ಯರ್ಥಿ ನ್ಯಾಯಾಲಯದ ಮೆಟ್ಟಿಲೇರಿದರು. ಕಾನೂನಿನಲ್ಲಿ ಯಂತ್ರಕ್ಕೆ ಅವಕಾಶವಿಲ್ಲ ಎಂದು ಸುಪ್ರೀಂ ಕೋರ್ಟ್ 1984ರಲ್ಲಿ ತೀರ್ಪಿತ್ತು, ಆ ಮತಗಟ್ಟೆಗಳಲ್ಲಿ ಮರುಮತದಾನವಾಗಿ ಫಲಿತಾಂಶವೇ ಬದಲಾಯಿತು. ಯಂತ್ರ ಸಿದ್ಧವಿತ್ತು, ಅದರ ಸುತ್ತ ಇರಬೇಕಾದ ಕಾನೂನು ಸಿದ್ಧವಿರಲಿಲ್ಲ. 1988ರ ಡಿಸೆಂಬರ್‌ನಲ್ಲಿ ಪ್ರಜಾಪ್ರತಿನಿಧಿ ಕಾಯ್ದೆಗೆ ತಿದ್ದುಪಡಿಯಾಯಿತು. ತಯಾರಾದ ಯಂತ್ರಗಳು ಮತ್ತೆ ಹತ್ತಿರಹತ್ತಿರ ಹತ್ತು ವರ್ಷ ಕಾದವು. 1998ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ದೆಹಲಿಯ 16 ವಿಧಾನಸಭಾ ಕ್ಷೇತ್ರಗಳಲ್ಲಿ ಬಳಕೆಯಾದ ಮೇಲೆಯೇ ಅದಕ್ಕೆ ದಾರಿ ತೆರೆದದ್ದು.

2004ರಲ್ಲಿಯೂ ಕೆಲಸ ಮುಗಿಯಲಿಲ್ಲ. ಅನುಮಾನಗಳು ಎದ್ದವು, ಇಂದಿಗೂ ಏಳುತ್ತವೆ. ಮತದಾರರಲ್ಲಿ ನಂಬಿಕೆ ಹುಟ್ಟಿಸುವುದೂ ಯಂತ್ರ ರೂಪಿಸಿದವರ ಕೆಲಸವೇ. ಆ ಅನುಮಾನಗಳನ್ನು ಬರೀ ರಾಜಕೀಯ ಗದ್ದಲವೆಂದು ತಳ್ಳಿಹಾಕಲಾಗದು. 2013ರಲ್ಲಿ ವಿವಿ ಪ್ಯಾಟ್ ಬಂತು, ಏಳು ಸೆಕೆಂಡ್ ಕಾಣಿಸಿ ಬೀಳುವ ಚೀಟಿ. 2024ರ ಏಪ್ರಿಲ್‌ನಲ್ಲಿ ವಿವಿ ಪ್ಯಾಟ್‌ಗೆ ಅಭ್ಯರ್ಥಿಗಳ ಚಿಹ್ನೆ ತುಂಬುವ ಘಟಕಗಳನ್ನು ಫಲಿತಾಂಶದ ನಂತರ 45 ದಿನ ಮೊಹರು ಮಾಡಿ ಇಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿತು. ಪರವೂರಿನ ಪ್ರಯೋಗವಾಗಿ ನಾಲ್ಕು ದಶಕ ಕಳೆದರೂ ತಿದ್ದುವುದು ನಿಂತಿಲ್ಲ. ಪ್ರತಿ ಚುನಾವಣೆಗೂ ಮೊದಲ ಹಂತದ ತಪಾಸಣೆ, ಶಿಕ್ಷಕರಿಗೆ ತರಬೇತಿ, ಮಸ್ಟರಿಂಗ್ ಕೇಂದ್ರದಲ್ಲಿ ಪರಿಶೀಲನೆ, ಬೆಳಗಿನ ಜಾವ ಏಜೆಂಟರ ಎದುರು ಕನಿಷ್ಠ 50 ಮತಗಳ ಅಣಕು ಮತದಾನ ನಡೆಯುತ್ತವೆ. ಯಂತ್ರಕ್ಕೆ ಕಾಲಾವಧಿ ಗೊತ್ತು ಮಾಡಿ, ಮುಗಿದವನ್ನು ಸೇವೆಯಿಂದ ತೆಗೆಯುವ ನಿಯಮವೂ ಇದೆ. ಇಷ್ಟೆಲ್ಲ ಸೇರಿದರೆ ಮಾತ್ರ ಅದು ಮತಯಂತ್ರ. ಲೋಹ, ಪ್ಲಾಸ್ಟಿಕ್ಕಿನ ಪೆಟ್ಟಿಗೆ ಅದರ ಒಂದು ಭಾಗವಷ್ಟೇ.

ನಮ್ಮಲ್ಲಿ ಹೊಸ ಉತ್ಪನ್ನ ಎಂದರೆ ಈಗಲೂ ಮಾದರಿ ಪ್ರದರ್ಶನ, ವೇದಿಕೆ, ಪ್ರಶಸ್ತಿ, ಬಿಡುಗಡೆಯ ಫೋಟೊ. ಬಿಡುಗಡೆಯ ಮರುದಿನದಿಂದ ಹಣವೂ ಗಮನವೂ ಮುಂದಿನ ಹೊಸದರತ್ತ ಹೊರಟುಬಿಡುತ್ತವೆ. ಕರ್ನಾಟಕ ಸರ್ಕಾರ ‘ಎಲಿವೇಟ್’ ಯೋಜನೆಯಲ್ಲಿ ನವೋದ್ಯಮಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ. ಒಳ್ಳೆಯ ಕೆಲಸ, ಆದರೆ ಅದು ಆರಂಭದ ಹಣ. ಇಲಾಖೆಗಳಿಗೆ ಬೇಕಾದ ಯಂತ್ರವಾಗಿದ್ದರೆ ಆ ಇಲಾಖೆಯೇ ಮೊದಲ ಗಿರಾಕಿಯಾಗಲಿ. ತನ್ನ ಯಾವ ಕೆಲಸಕ್ಕೆ ಯಂತ್ರ ಬೇಕೆಂದು ಲಿಖಿತವಾಗಿ ಹೇಳಲಿ. ಒಂದು ತಾಲ್ಲೂಕಿನಲ್ಲಿ ವರ್ಷವಿಡೀ ಪರೀಕ್ಷಿಸಲಿ, ಪಾಸಾದರೆ ಖರೀದಿಯ ಖಾತ್ರಿ ಕೊಡಲಿ. ಟೆಂಡರ್‌ನಲ್ಲಿ ಯಂತ್ರದ ಬೆಲೆಯ ಜೊತೆಗೆ ಐದು ವರ್ಷದ ರಿಪೇರಿ, ತರಬೇತಿ, ತಿದ್ದುಪಡಿಯ ವೆಚ್ಚಕ್ಕೂ ಪ್ರತ್ಯೇಕ ಹಣ ಇರಲಿ. ಮುಂದಿನ ಬಜೆಟ್‌ನಲ್ಲಿ ಒಂದೇ ಒಂದು ಇಲಾಖೆ ಇದನ್ನು ಪ್ರಯೋಗಿಸಿ ನೋಡಲು ಮುಂದಾಗಬೇಕು.