ವಿಶ್ವವಿದ್ಯಾಲಯ ಉದ್ಯಮದ ಜೊತೆ ಕೈಜೋಡಿಸಬೇಕೆ?

ಪರ

ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರು ಸಂಸ್ಥಾನದ ಶ್ರೀಗಂಧ ಕೊರಡಾಗಿಯೇ ಹಡಗು ಹತ್ತುತ್ತಿತ್ತು. ಎಣ್ಣೆ ಇಳಿಸಿ ಲಾಭ ಮಾಡಿಕೊಳ್ಳುತ್ತಿದ್ದವರು ಯುರೋಪಿನವರು. ಯುದ್ಧ ಬಂದು ಆ ದಾರಿ ಮುಚ್ಚಿತು. ಆಗ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನ ವಿಜ್ಞಾನಿಗಳಾದ ಸಡ್‌ಬರೊ ಮತ್ತು ವಾಟ್ಸನ್, ಚೆಕ್ಕೆಯನ್ನು ಪುಡಿ ಮಾಡಿ, ಹಬೆ ಹಾಯಿಸಿ, ಆ ಹಬೆಯನ್ನು ತಣಿಸಿ ಎಣ್ಣೆ ಬೇರ್ಪಡಿಸುವುದನ್ನು ಇಲ್ಲೇ ಮಾಡಿ ತೋರಿಸಿದರು. 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು, ಅದರ ಹಿಂದೆಯೇ ಮೈಸೂರು ಸ್ಯಾಂಡಲ್ ಸೋಪು ಬಂತು.

ಇವತ್ತು ಪೀಣ್ಯದ ಸಣ್ಣ ವರ್ಕ್‌ಶಾಪಿನ ಮಾಲೀಕರಿಗೆ, ತಾವು ಮಾಡಿದ ಬಿಡಿಭಾಗ ಯಾಕೆ ಬಿರುಕು ಬಿಡುತ್ತಿದೆ ಎಂದು ನೋಡಲು ಸ್ವಂತ ಪ್ರಯೋಗಾಲಯ ಇಟ್ಟುಕೊಳ್ಳುವ ಶಕ್ತಿ ಎಲ್ಲಿದೆ? ಬ್ರಿಟನ್ನಿನಲ್ಲಿ ಇದಕ್ಕೆಂದೇ 1975ರಿಂದ ಒಂದು ಏರ್ಪಾಡಿದೆ. ಪದವಿ ಮುಗಿಸಿದ ಯುವಕ ಯುವತಿಯರು ಕಂಪನಿಯಲ್ಲೇ ಕೂತು ಒಂದು ಸಮಸ್ಯೆಯ ಮೇಲೆ ಕೆಲಸ ಮಾಡುತ್ತಾರೆ, ಅಧ್ಯಾಪಕರು ದಾರಿ ತೋರಿಸುತ್ತಾರೆ, ಖರ್ಚನ್ನು ಸರ್ಕಾರವೂ ಕಂಪನಿಯೂ ಹಂಚಿಕೊಳ್ಳುತ್ತವೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಿಗೆ ಇದು ತುರ್ತಾಗಿ ಬೇಕು.

ವಿರೋಧ

ಗಂಧದೆಣ್ಣೆಯ ಕಾರ್ಖಾನೆ ಸಂಸ್ಥಾನದ್ದು, ಲಾಭವೂ ಸಂಸ್ಥಾನದ್ದೇ. ಖಾಸಗಿ ಕಂಪನಿ ದುಡ್ಡು ಹಾಕಿದಾಗ ಕಥೆ ಬೇರೆ.

ಕೆನಡಾದ ಟೊರಾಂಟೊದಲ್ಲಿ ಡಾ. ನ್ಯಾನ್ಸಿ ಒಲಿವಿಯೆರಿ ಥಲಸ್ಸೀಮಿಯಾ ರೋಗಿಗಳ ಮೇಲೆ ಒಂದು ಔಷಧದ ಪ್ರಯೋಗ ನಡೆಸುತ್ತಿದ್ದರು. ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಈ ರೋಗಿಗಳ ಮೈಯಲ್ಲಿ ಕಬ್ಬಿಣದ ಅಂಶ ಶೇಖರವಾಗುತ್ತದೆ. ಅದನ್ನು ಹೊರಹಾಕುವ ಮಾತ್ರೆ ಅದು. ಕೆಲವರಲ್ಲಿ ಮಾತ್ರೆ ಕೆಲಸ ಮಾಡುತ್ತಿಲ್ಲವೆಂಬುದು ಅವರ ಗಮನಕ್ಕೆ ಬಂತು. ರೋಗಿಗಳಿಗೆ ಹೇಳಲೇಬೇಕು ಎಂದರು. 1996ರಲ್ಲಿ, ಪ್ರಯೋಗಕ್ಕೆ ದುಡ್ಡು ಹಾಕಿದ್ದ ಅಪೊಟೆಕ್ಸ್ ಕಂಪನಿ ಅದನ್ನೇ ನಿಲ್ಲಿಸಿತು, ಬಾಯಿಬಿಟ್ಟರೆ ಕಾನೂನು ಕ್ರಮ ಎಂದು ಎಚ್ಚರಿಸಿತು. ಗುಟ್ಟು ಕಾಯುವ ಷರತ್ತಿಗೆ ಅವರು ಮೊದಲೇ ಸಹಿ ಹಾಕಿದ್ದರು. ಅದೇ ಕಂಪನಿಯಿಂದ ಭಾರಿ ದೇಣಿಗೆ ಪಡೆಯುವ ಮಾತುಕತೆ ಅವರ ವಿಶ್ವವಿದ್ಯಾಲಯದಲ್ಲಿ ಆಗ ನಡೆಯುತ್ತಿತ್ತು! ಕೆನಡಾದ ಅಧ್ಯಾಪಕರ ಸಂಘ ನೇಮಿಸಿದ ಸಮಿತಿ 2001ರಲ್ಲಿ ಅವರ ಪರವಾಗಿ ವರದಿ ಕೊಟ್ಟಿತು. ಅಷ್ಟರಲ್ಲಿ ಐದು ವರ್ಷ ಕಳೆದಿತ್ತು.

ಬಿಡಿಭಾಗದ ಬಿರುಕು ಪರೀಕ್ಷಿಸಿಕೊಡಲಿ, ಅದಕ್ಕೆ ತಕರಾರಿಲ್ಲ. ಆದರೆ ಫಲಿತಾಂಶ ಪ್ರಕಟಿಸುವ ಹಕ್ಕು ಸಂಶೋಧಕರ ಕೈಯಲ್ಲೇ ಇರಬೇಕು, ಒಪ್ಪಂದದ ಪ್ರತಿ ಯಾರು ಕೇಳಿದರೂ ಸಿಗಬೇಕು. ಇನ್ನೊಂದು ಆತಂಕ ನಮ್ಮ ಮಲೆನಾಡಿನದು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ಸೌದೆ, ದರಗು ತರಲು ಕಾಡಿಗೆ ಹೋಗುವವರನ್ನು ಕಾಡುತ್ತಿದೆ. ಅವರು ಲಸಿಕೆಗೆ ದೊಡ್ಡ ಮಾರುಕಟ್ಟೆಯಲ್ಲ. ಪ್ರಾಧ್ಯಾಪಕರ ಬಡ್ತಿಯನ್ನು ಕಂಪನಿಯಿಂದ ತಂದ ಹಣದಲ್ಲಿ ಅಳೆಯತೊಡಗಿದರೆ, ಉಣ್ಣೆ ಹುಳ ಕಚ್ಚಿ ಹರಡುವ ಆ ಕಾಯಿಲೆಯ ವೈರಾಣುವಿನ ಹಿಂದೆ ಹೋಗುವವರು ಯಾರು?