ಬಳ್ಳಿಗಾವಿ: ರಾಜಧಾನಿಯೊಂದು ಬೆಳೆದ ಬಗೆ, ಬರಿದಾದ ಬಗೆ

ಚಂದ್ರಗುತ್ತಿಯ ರೇಣುಕಾಂಬೆಯ ಜಾತ್ರೆಗೆ ಬರುವ ಸಾವಿರಾರು ಭಕ್ತರು ಹಾದುಬರುವುದು ಹಳೆಯ ರಾಜಧಾನಿಗಳ ಸೀಮೆಯನ್ನು. ಒಂದು ಕಡೆ ವರದಾ ತೀರದ ಬನವಾಸಿ, ಕದಂಬರ ಪಟ್ಟಣ. ಇನ್ನೊಂದು ಕಡೆ, ಶಿರಾಳಕೊಪ್ಪದ ಹತ್ತಿರ, ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿ. ಇವತ್ತಿನ ಬಳ್ಳಿಗಾವಿಯಲ್ಲಿ ನಿಂತವರಿಗೆ ಕಾಣುವುದು ಕೆರೆ, ಗದ್ದೆ, ಕೆಲವು ದೇಗುಲಗಳು ಮತ್ತು ಶಾಸನದ ಕಲ್ಲುಗಳು. ಇದು ದೊಡ್ಡ ನಗರವಾಗಿತ್ತು ಎಂದರೆ ನಂಬುವುದು ಕಷ್ಟ. ಆದರೆ ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳು ಈ ಊರನ್ನು ಮತ್ತೆ ಮತ್ತೆ ರಾಜಧಾನಿ ಎಂದೇ ಕರೆದಿವೆ.

ಚಕ್ರವರ್ತಿ ಇದ್ದದ್ದು ದೂರದ ಕಲ್ಯಾಣದಲ್ಲಿ. ಬಳ್ಳಿಗಾವಿ ಬನವಾಸಿ ಹನ್ನೆರಡು ಸಾವಿರ ಎಂಬ ನಾಡಿನ ಆಡಳಿತದ ಕೇಂದ್ರ. ಚಕ್ರವರ್ತಿಯ ಪರವಾಗಿ ನಾಡನ್ನು ನೋಡಿಕೊಳ್ಳುತ್ತಿದ್ದ ಮಹಾಮಂಡಳೇಶ್ವರರು, ದಂಡನಾಯಕರು ಇಲ್ಲಿಂದ ಸುಂಕ ಎತ್ತಿಸುತ್ತಿದ್ದರು, ದಾನಗಳನ್ನು ದಾಖಲಿಸುತ್ತಿದ್ದರು. ಅವರಲ್ಲೊಬ್ಬ ಚಾಮುಂಡರಾಯರಸ 1047ರಲ್ಲಿ ನಿಲ್ಲಿಸಿದ ಗಂಡಭೇರುಂಡದ ಕಂಬವನ್ನು ಇಂದಿಗೂ ಊರಲ್ಲಿ ನೋಡಬಹುದು. ಈ ಸೀಮೆಯ ಶಾಸನಗಳಲ್ಲಿ ಭೂಮಿ ಅಳೆಯುವ ‘ಭೇರುಂಡ ಗಳೆ’ಯ ಹೆಸರೂ ಬರುತ್ತದೆ. ನಾಡಿನ ಲೆಕ್ಕಕ್ಕೆ ಒಂದು ಅಳತೆ ಬೇಕು, ಅದನ್ನು ಎಲ್ಲರೂ ಒಪ್ಪಬೇಕು. ರಾಜಧಾನಿ ಮಾಡುವ ಮೊದಲ ಕೆಲಸಗಳಲ್ಲಿ ಇದೂ ಒಂದು.

ಎರಡನೆಯದು ಹಣ. ಮಲೆನಾಡು ಮುಗಿದು ಬಯಲುಸೀಮೆ ಶುರುವಾಗುವ ಅಂಚಿನಲ್ಲಿ ಬಳ್ಳಿಗಾವಿ ಇದೆ. ಘಟ್ಟದ ಅಡಿಕೆ, ಮೆಣಸು ಬಯಲಿಗೆ ಇಳಿಯಬೇಕು; ಬಯಲಿನ ಧಾನ್ಯ, ಬಟ್ಟೆ ಮೇಲಕ್ಕೆ ಬರಬೇಕು. ಇಂಥ ಅಂಚಿನಲ್ಲಿ ಸಂತೆ ಕಟ್ಟುತ್ತದೆ, ಸಂತೆ ಇದ್ದಲ್ಲಿ ಸುಂಕ ಹುಟ್ಟುತ್ತದೆ. ಪೆರ್ಜುಂಕವೆಂಬ ದೊಡ್ಡ ಸುಂಕ, ವರ್ತಕರ ಸಂಘಗಳು, ಪಟ್ಟಣದ ಸೆಟ್ಟಿಗಳು ಇಲ್ಲಿನ ಶಾಸನಗಳಲ್ಲಿ ಕಾಣಿಸಿಕೊಳ್ಳುವುದು ಆ ಕಾರಣಕ್ಕೇ.

ಆ ಹಣ ಎಲ್ಲಿಗೆ ಹೋಯಿತು ಎಂಬುದೇ ಬಳ್ಳಿಗಾವಿಯ ಹೆಚ್ಚುಗಾರಿಕೆ. ಕೆರೆಯ ಕೋಡಿಯ ಬಳಿ, ಕೇದಾರೇಶ್ವರ ದೇಗುಲಕ್ಕೆ ಸೇರಿದಂತೆ ಕಾಳಾಮುಖ ಶೈವರ ಕೋಡಿಯಮಠವಿತ್ತು. 1162ರ ಶಾಸನ ಅದನ್ನು ವಿವರವಾಗಿ ಬಣ್ಣಿಸುತ್ತದೆ. ನಾಲ್ಕು ವೇದಗಳು, ಪಾಣಿನಿ ಮತ್ತು ಶಾಕಟಾಯನರ ವ್ಯಾಕರಣ, ಷಡ್ದರ್ಶನ, ಯೋಗ, ಪುರಾಣ, ಕಾವ್ಯ, ನಾಟಕ ಅಲ್ಲಿನ ಪಾಠಗಳು. ದೀನರು, ಅನಾಥರು, ಕುರುಡರು, ಕಿವುಡರು, ಕುಂಟರಿಗೆ ಅಲ್ಲಿ ಊಟ. ಹಾಡುವವರಿಗೆ, ಕುಣಿಯುವವರಿಗೆ, ಬೇರೆ ಬೇರೆ ಪಂಥಗಳ ಸನ್ಯಾಸಿಗಳಿಗೂ ಊಟ. ರೋಗಿಗಳಿಗೆ ಔಷಧೋಪಚಾರ. ಶಾಲೆ, ಅನ್ನಛತ್ರ, ಆಸ್ಪತ್ರೆ ಮೂರೂ ಒಂದೇ ಆವರಣದಲ್ಲಿ, ಎಂಟುನೂರು ವರ್ಷಕ್ಕೂ ಹಿಂದೆ!

ಶೈವ ಮಠದ ಪಕ್ಕದಲ್ಲೇ ಬೇರೆ ಮತಗಳಿಗೂ ಜಾಗವಿತ್ತು. ಜೈನ ಬಸದಿಗಳಿದ್ದವು, ವಿಷ್ಣುವಿನ ಗುಡಿಗಳಿದ್ದವು. 1065ರ ಶಾಸನವೊಂದು ಬೌದ್ಧ ವಿಹಾರದ ವಿಷಯ ಹೇಳುತ್ತದೆ. ಅಲ್ಲಮಪ್ರಭು ಹುಟ್ಟಿದ್ದು ಈ ಊರಲ್ಲಿ, ಅಕ್ಕಮಹಾದೇವಿ ಹುಟ್ಟಿದ್ದು ಹತ್ತಿರದ ಉಡುತಡಿಯಲ್ಲಿ ಎಂಬುದು ಪರಂಪರೆಯ ನಂಬಿಕೆ. ಇಷ್ಟೊಂದು ವಾದ, ಪಾಠ, ಭಕ್ತಿ ಒಟ್ಟುಗೂಡಿದ ಸೀಮೆಯಲ್ಲಿ ಅಂಥ ಮಾತುಗಾರರು ಮೂಡಿದ್ದು ಸಹಜವೇ.

ಹಾಗಾದರೆ ನಗರ ಎಲ್ಲಿ ಹೋಯಿತು? ಚಾಲುಕ್ಯರ ಬಲ ಕುಂದಿದ ಮೇಲೆ ಕಳಚುರಿಗಳು, ಸೇವುಣರು, ಹೊಯ್ಸಳರು ಬನವಾಸಿ ನಾಡಿಗಾಗಿ ಕಾದಾಡಿದರು. ಬಯಲಿಗೆ ತೆರೆದುಕೊಂಡ ಊರಿಗಿಂತ ಬೆಟ್ಟದ ಕೋಟೆಗೆ ಬೆಲೆ ಬಂತು. 1347ರ ಶಾಸನದ ಪ್ರಕಾರ ವಿಜಯನಗರದ ಹರಿಹರನ ತಮ್ಮ ಮಾರಪ್ಪ ಕದಂಬ ಅರಸನನ್ನು ಸೋಲಿಸಿ ಗೋಮಂತಶೈಲದಿಂದ, ಅಂದರೆ ನಮ್ಮ ಚಂದ್ರಗುತ್ತಿಯಿಂದ, ಆಳಿದ. ಅಧಿಕಾರ ಗುಡ್ಡ ಹತ್ತಿತು. ಸುಂಕವೂ ದತ್ತಿಯೂ ಅದರ ಹಿಂದೆ ಹೋದವು.

ರಾಜಧಾನಿ ಪಟ್ಟ ಕಳೆದುಕೊಂಡ ಊರೆಲ್ಲ ಹೀಗೆ ಬರಿದಾಗುವುದಿಲ್ಲ. ದಕ್ಷಿಣ ಅಮೆರಿಕದ ಬ್ರೆಜಿಲ್‌ನಲ್ಲಿ 1763ರಿಂದ ರಾಜಧಾನಿಯಾಗಿದ್ದ ರಿಯೊ ಡಿ ಜನೈರೊ 1960ರಲ್ಲಿ ಆ ಸ್ಥಾನವನ್ನು ಹೊಸದಾಗಿ ಕಟ್ಟಿದ ಬ್ರೆಸಿಲಿಯಾಕ್ಕೆ ಬಿಟ್ಟುಕೊಟ್ಟಿತು. ಆದರೂ ರಿಯೊ ಇಂದಿಗೂ ಆ ದೇಶದ ಎರಡನೆಯ ಅತಿ ದೊಡ್ಡ ನಗರ. ಅದಕ್ಕೆ ಬಂದರಿತ್ತು, ಕೈಗಾರಿಕೆಯಿತ್ತು, ಸರ್ಕಾರ ಹೋದರೂ ನಿಲ್ಲದ ದುಡಿಮೆಯಿತ್ತು. ಬಳ್ಳಿಗಾವಿಯ ಮಠ, ವಿಹಾರಗಳು ನಿಂತದ್ದು ಅರಸರ ದತ್ತಿಯ ಮೇಲೆ. ದತ್ತಿ ಬತ್ತಿದಾಗ ಪಾಠವೂ ನಿಂತಿತು.

ಇದರಲ್ಲಿ ಇಂದಿನ ನಮಗೂ ಪಾಠವಿದೆ. ಊರಿನ ಶಾಲೆ, ಆಸ್ಪತ್ರೆಗಳು ಆಳುವವರ ಮರ್ಜಿಯನ್ನಷ್ಟೇ ನೆಚ್ಚಿಕೊಂಡಿದ್ದರೆ ಆಳುವವರು ಬದಲಾದಾಗ ಅವೂ ಸೊರಗುತ್ತವೆ. ಊರಿನವರೇ ಹೊಣೆ ಹೊತ್ತರೆ ಉಳಿಯುತ್ತವೆ. ಬಳ್ಳಿಗಾವಿಯ ಕಥೆ ನಮಗೆ ಸಿಕ್ಕಿದ್ದು ಕಲ್ಲುಗಳು ಉಳಿದದ್ದರಿಂದ, ಬಿ.ಎಲ್. ರೈಸ್ 1902ರಲ್ಲಿ ಅವುಗಳ ಪಾಠವನ್ನು ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಅಚ್ಚು ಹಾಕಿಸಿದ್ದರಿಂದ. ಸೊರಬ, ಶಿಕಾರಿಪುರದ ಶಾಲೆಗಳು ಮಕ್ಕಳನ್ನು ದೂರದ ಪ್ರವಾಸಕ್ಕೆ ಒಯ್ಯುವ ಮುನ್ನ ಬನವಾಸಿ, ಬಳ್ಳಿಗಾವಿ, ಚಂದ್ರಗುತ್ತಿಗೆ ಕರೆತರಲಿ. 1162ರ ಆ ಶಾಸನವನ್ನು ಹೊಸಗನ್ನಡದಲ್ಲಿ ಓದಿ ಹೇಳಲಿ. ಹಸಿದವನಿಗೆ ಅನ್ನ, ರೋಗಿಗೆ ಮದ್ದು, ಕಲಿಯಬಂದವನಿಗೆ ಪಾಠ ಕೊಟ್ಟದ್ದರಿಂದ ಈ ಊರು ದೊಡ್ಡದಾಗಿತ್ತು ಎಂದು ಅವರಿಗೆ ತಿಳಿಯಬೇಕು.